ಕೊರಿಯಾದ ಬಾಡು ಘಮ, ನಮ್ಮ ಬಾಡು ನಾತವಾ?

ಹೋದ ಭಾನುವಾರ ಮಗಳು ಎಸ್ಸೆಸ್ಸೆಲ್ಸಿ ಪಾಸಾದ ಖುಷಿಗೆ ಮನೆಯವರೆಲ್ಲ ಬೆಂಗಳೂರಿನ ಒಂದು ಕೊರಿಯನ್ ಹೋಟೆಲಿಗೆ ಊಟಕ್ಕೆ ಹೋಗಿದ್ವಿ. ಅವ್ವ, ಹೆಂಡತಿ, ಇಬ್ಬರು ಮಕ್ಕಳು, ನಾನು. ವಾಟ್ಸಾಪ್ ಸ್ಟೇಟಸ್ಸಿಗೆ ಒಂದು ಫೋಟೊ ಹಾಕಿದ್ದೆ, ಅಷ್ಟೇ. ಸೋಮವಾರ ಸಂಜೆಯೊಳಗೆ ಎರಡು ಮಾತು ಕೇಳಿಸ್ಕೊಂಡೆ.

ಒಂದು, ಆಫೀಸಿನ ಸಹೋದ್ಯೋಗಿಯದ್ದು. "ಏನ್ರೀ, ಕೊರಿಯನ್ ಹೋಟೆಲಿಗೆಲ್ಲ ಹೋಗೋ ಹಾಗಾದ್ರಿ. ಇನ್ನೂ ಯಾಕ್ರೀ ನಿಮಗೆ ರಿಸರ್ವೇಶನ್ನು?"

ಎರಡನೇದು, ಹೋರಾಟದ ಗೆಳೆಯನದ್ದು. ಫೋನ್ ಮಾಡಿ ನಗ್ತಾ ಕೇಳಿದ: "ಏನಣ್ಣಾ, ಅಂಬೇಡ್ಕರ್‌ವಾದ ಎಸಿ ಹೋಟೆಲ್ ಸೇರ್ತಾ?"

ನಕ್ಕು ಬಿಟ್ಟುಬಿಡಬಹುದಿತ್ತು. ಆದ್ರೆ ಈ ಎರಡೂ ಮಾತಿನ ಒಳಗೆ ಒಂದೇ ಕಲ್ಪನೆ ಇದೆ. ದಲಿತ ಅಂದ್ರೆ ಹಸಿದಿರಬೇಕು, ಹರಿದ ಬಟ್ಟೆ ಹಾಕಿರಬೇಕು, ಹೋಟೆಲಿನ ಹೊರಗೆ ನಿಂತಿರಬೇಕು. ಒಳಗೆ ಕೂತ ತಕ್ಷಣ ಒಬ್ಬರಿಗೆ ನಾವು ಮೀಸಲಾತಿ ಕಳ್ಳರು, ಇನ್ನೊಬ್ಬರಿಗೆ ಚಳವಳಿ ಬಿಟ್ಟವರು. ಅದಕ್ಕೇ ಇಬ್ಬರಿಗೂ ಇಲ್ಲೇ ಉತ್ತರ ಬರೀತಿದ್ದೀನಿ. ಉದ್ದ ಆಗುತ್ತೆ, ಪುರುಸೊತ್ತು ಮಾಡ್ಕೊಂಡು ಓದಿ.

ಮೊದಲು ಸಹೋದ್ಯೋಗಿಗೆ.

ಸ್ವಾಮಿ, ದುಡ್ಡು ಇದ್ರೆ ಜಾತಿ ಹೋಗುತ್ತೆ ಅಂತ ನೀವು ತಿಳ್ಕೊಂಡಿದ್ದೀರಿ. 1901ರಲ್ಲಿ ಒಂಬತ್ತು-ಹತ್ತು ವರ್ಷದ ಭೀಮರಾವ್ ಅಣ್ಣನ ಜೊತೆ, ಅಕ್ಕನ ಮಕ್ಕಳ ಜೊತೆ ಅಪ್ಪನನ್ನು ನೋಡೋಕೆ ರೈಲಿನಲ್ಲಿ ಹೊರಟ. ಹೊಸ ಬಟ್ಟೆ ಹಾಕಿದ್ರು, ಕೈಯಲ್ಲಿ ಕಾಸಿತ್ತು, ಬುಟ್ಟಿಯಲ್ಲಿ ಊಟ ಇತ್ತು. ಮಸೂರು ಸ್ಟೇಷನ್ನಿನಲ್ಲಿ ಇಳಿದಾಗ ಸ್ಟೇಷನ್ ಮಾಸ್ತರ್ ಬಟ್ಟೆ ನೋಡಿ ಬ್ರಾಹ್ಮಣರ ಮಕ್ಕಳು ಅಂದ್ಕೊಂಡ. ಮಹಾರರು ಅಂತ ಗೊತ್ತಾದ ತಕ್ಷಣ ಮುಖ ಬದಲಾಯ್ತು. ಎರಡರಷ್ಟು ಬಾಡಿಗೆ ಕೊಡ್ತೀವಿ ಅಂದ್ರೂ ಗಾಡಿಯವನು ಹೊಡೆಯಲಿಲ್ಲ, ಮಕ್ಕಳೇ ಹೊಡ್ಕೊಂಡು ಹೋಗಬೇಕಾಯ್ತು. ಊಟ ಇದ್ದೂ ಉಣ್ಣೋಕಾಗಲಿಲ್ಲ, ಯಾಕಂದ್ರೆ ಕುಡಿಯೋಕೆ ಒಂದು ಲೋಟ ನೀರು ಯಾರೂ ಕೊಡಲಿಲ್ಲ. 'ವೇಟಿಂಗ್ ಫಾರ್ ಎ ವೀಸಾ'ದಲ್ಲಿ ಬಾಬಾಸಾಹೇಬರು ಇದನ್ನೇ ಮೊದಲು ಬರೆದಿರೋದು. ಆ ಮಕ್ಕಳ ಹತ್ರ ಕಾಸಿಗೆ ಕೊರತೆ ಇರಲಿಲ್ಲ.

ಇನ್ನೂ ಹತ್ತಿರ ಬನ್ನಿ. ನಮ್ಮವ್ವ ಕುಣಿಗಲ್ ಕಡೆಯವಳು. ಅವಳ ಊರಿನ ಟೀ ಅಂಗಡಿಯಲ್ಲಿ ನಮ್ಮ ಕೇರಿಯವರಿಗೆ ತೆಂಗಿನ ಚಿಪ್ಪು. ಆಮೇಲೆ ಬೇರೆ ಲೋಟ ಬಂತು, ಅದನ್ನ ಕುಡಿದವರೇ ತೊಳೆದು ಗೂಟಕ್ಕೆ ಸಿಕ್ಕಿಸಬೇಕಿತ್ತು. ಈಗ ಪೇಪರ್ ಕಪ್ಪು ಬಂದಿದೆ, ಎಲ್ಲರೂ ಸಮಾನರು ಅಂತಾರೆ. ಸಮಾನತೆ ತಂದಿದ್ದು ಊರಿನ ಮನಸ್ಸಲ್ಲ, ಬಿಸಾಕೋ ಕಪ್ಪು! ಅದೇ ಊರಿನ ದೊಡ್ಡವರ ಮನೆಯಲ್ಲಿ ಮದುವೆ ಊಟಕ್ಕೆ ಕರೆದರೆ ಪಂಕ್ತಿ ಎಲ್ಲಿ ಹಾಕ್ತಾರೆ ಅಂತ ನನಗೂ ಗೊತ್ತು, ನಿಮಗೂ ಗೊತ್ತು.

ಹಾಗಾಗಿ ಕುಟುಂಬ ಸಮೇತ ಹೋಟೆಲಿನಲ್ಲಿ ಕೂತು ಉಣ್ಣೋದು ನಮಗೆ ಬರೀ ಶೋಕಿ ಅಲ್ಲ. ಸಂವಿಧಾನದ 15ನೇ ವಿಧಿಯ 2ನೇ ಉಪವಿಧಿ ತೆಗೆದು ನೋಡಿ. ಅಂಗಡಿ, ಸಾರ್ವಜನಿಕ ಉಪಾಹಾರಗೃಹ, ಹೋಟೆಲು, ಮನರಂಜನೆಯ ಜಾಗ, ಇವಕ್ಕೆ ಹೋಗೋಕೆ ಜಾತಿ ಅಡ್ಡ ಬರಬಾರದು ಅಂತ ಮೂಲಭೂತ ಹಕ್ಕಿನಲ್ಲಿ ಬರೆದಿದೆ. ಬಾವಿ, ಕೆರೆ, ಸ್ನಾನಘಟ್ಟ, ರಸ್ತೆ ಅದರ ಪಕ್ಕದ ಸಾಲಲ್ಲೇ ಇವೆ. 1948ರ ನವೆಂಬರ್ 29ರಂದು ಸಂವಿಧಾನ ಸಭೆಯಲ್ಲಿ ಈ ವಿಧಿ ಚರ್ಚೆಗೆ ಬಂದಾಗ ಅಂಗಡಿ ಅಂದ್ರೆ ಏನು ಅನ್ನೋ ಪ್ರಶ್ನೆ ಬಂತು. ಕೇಳಿ ಬಂದವರಿಗೆ ಸೇವೆ ಕೊಡೋ ಜಾಗ ಯಾವುದಿದ್ರೂ ಅದು ಅಂಗಡಿಯೇ ಅನ್ನೋ ಅರ್ಥದಲ್ಲಿ ಬಾಬಾಸಾಹೇಬರು ಉತ್ತರ ಕೊಟ್ಟರು. ಅಸ್ಪೃಶ್ಯತೆ ರದ್ದು ಮಾಡೋ ವಿಧಿ ಒಪ್ಪಿಗೆಯಾಗಿದ್ದೂ ಅದೇ ದಿನ. ಆಮೇಲೆ ಬಂದ 1955ರ ಕಾಯ್ದೆ, ಈಗ ನಾಗರಿಕ ಹಕ್ಕು ಸಂರಕ್ಷಣಾ ಕಾಯ್ದೆ ಅಂತೀವಲ್ಲ, ಅದು ಇನ್ನೂ ಮುಂದೆ ಹೋಗಿ ಹೋಟೆಲಿನ ಪಾತ್ರೆ ಬಳಸೋಕೆ ಅಡ್ಡಿ ಮಾಡೋದೂ ಅಪರಾಧ ಅನ್ನುತ್ತೆ. ಒಂದು ದೇಶ ತಟ್ಟೆ ಲೋಟದ ಬಗ್ಗೆ ಕಾನೂನು ಮಾಡಬೇಕಾಯ್ತು ಅಂದ್ರೆ ಆ ದೇಶದ ಜನ ತಟ್ಟೆ ಲೋಟದಲ್ಲಿ ಏನೇನು ಮಾಡಿರಬೇಕು, ಯೋಚನೆ ಮಾಡಿ.

ಮೀಸಲಾತಿ ಅನ್ನೋದು ಬಡತನಕ್ಕೆ ಕೊಡೋ ರೇಷನ್ ಕಾರ್ಡಲ್ಲ, ಅಧಿಕಾರದಲ್ಲಿ ನಮ್ಮ ಪಾಲು. ಐದು ಜನಕ್ಕೆ 4,300 ರೂಪಾಯಿ ಬಿಲ್ ಕೊಟ್ಟಿದ್ದಕ್ಕೆ ಆ ಪಾಲು ತೀರಿಹೋಗಲ್ಲ. ನಿಮ್ಮ ಮಗ ಅಮೆರಿಕಾಗೆ ಹೋದಾಗ ನಿಮ್ಮ ಜಾತಿ ತೀರಿಹೋಯ್ತಾ?

ಈಗ ಆ ಹೋಟೆಲಿನ ವಿಷಯಕ್ಕೆ ಬರ್ತೀನಿ. ಅಲ್ಲಿ ನನಗೆ ಸಿಟ್ಟು ಬಂದಿದ್ದು ಬೇರೆ ಕಾರಣಕ್ಕೆ.

ಬಾಗಿಲಲ್ಲಿ ಹೆಸರು ಬರೆಸಿ 40 ನಿಮಿಷ ಕಾದ್ವಿ. ಹೊರಗೆ ಬೆಂಚಿನ ಮೇಲೆ ಜಾಗ ಇಲ್ಲ, ಅಷ್ಟು ಜನ. ಕಾಲೇಜು ಹುಡುಗರು, ಐಟಿ ಕಂಪನಿಯವರು, ಮಕ್ಕಳು ಮರಿ ಕಟ್ಕೊಂಡು ಬಂದ ಸಂಸಾರಗಳು. ಮಗಳಿಗೆ ಬಿಟಿಎಸ್ ಅಂದ್ರೆ ಪ್ರಾಣ, ಕೊರಿಯನ್ ಸೀರಿಯಲ್ ನೋಡಿ ನೋಡಿ ಅಲ್ಲಿನ ತಿಂಡಿಯ ಹೆಸರೆಲ್ಲ ಬಾಯಿಪಾಠ. ಅವಳೇ ಮೆನು ಓದಿ ಅರ್ಥ ಹೇಳ್ತಿದ್ಲು. ಸಮ್‌ಗ್ಯೊಪ್‌ಸಲ್ ಅಂದ್ರೆ ಹಂದಿ ಹೊಟ್ಟೆಯ ಕೊಬ್ಬು ಸಮೇತ ಬಾಡು. ಜೊಕ್ಬಲ್ ಅಂದ್ರೆ ಹಂದಿ ಕಾಲು. ಗೊಪ್‌ಚಾಂಗ್ ಅಂದ್ರೆ ಕರುಳು, ನಮ್ಮ ಬೋಟಿ. ಸುಂಡೆ ಅಂದ್ರೆ ಹಂದಿ ಕರುಳಿನೊಳಗೆ ನೆತ್ತರು, ಶಾವಿಗೆ ತುಂಬಿ ಬೇಯಿಸೋದು. ಆಮೇಲೆ ಗಂಟೆಗಟ್ಟಲೆ ಮೂಳೆ ಕುದಿಸಿದ ಬಿಳೀ ಸಾರು.

ಮೇಜಿನ ನಡುವೆ ಒಲೆ. ಎಲ್ಲರೂ ಒಂದೇ ಕಾವಲಿಯಿಂದ ತೆಗೆದು ತಿನ್ನಬೇಕು. ಸುತ್ತ ಪುಟ್ಟ ಪುಟ್ಟ ಬಟ್ಟಲಲ್ಲಿ ಕಿಮ್ಚಿ, ಪಲ್ಯ, ಮೊಳಕೆ ಕಾಳು, ಅದಕ್ಕೆ ಬಾಂಚಾನ್ ಅಂತಾರೆ, ಖಾಲಿಯಾದ್ರೆ ಮತ್ತೆ ತಂದಿಡ್ತಾರೆ. ಹಿರಿಯರು ಚಮಚ ಎತ್ತೋ ತನಕ ಕಿರಿಯರು ಎತ್ತಬಾರದು ಅನ್ನೋದು ಅವರ ಪದ್ಧತಿ ಅಂತ ಮಗಳು ಹೇಳಿದ್ಲು. ಹಾಗಾಗಿ ಅವ್ವ ಮೊದಲು ತಿಂದ್ಲು. ಬೋಟಿಯ ತುಂಡು ಬಾಯಿಗಿಟ್ಟು ಹೇಳಿದ್ದಿಷ್ಟು: "ಇದು ನಮ್ಮ ಬೋಟಿನೇ ಕಣ್ಲಾ ಮಗ. ಖಾರ ಸಾಲ್ದು, ಅಷ್ಟೇಯ."

ಸುತ್ತ ನೋಡಿದೆ. ಹೋಟೆಲ್ ತುಂಬ ಹೊಗೆ, ಹಂದಿ ಕೊಬ್ಬು ಕರಗೋ ವಾಸನೆ, ಬೆಳ್ಳುಳ್ಳಿ, ಹುಳಿ ಬಂದ ಸೋಯಾದ ಘಾಟು. ಯಾರೂ ಮೂಗು ಮುಚ್ಚಿಲ್ಲ. ಎಲ್ಲರೂ ಫೋಟೊ ತೆಗೀತಿದ್ದಾರೆ. "ಆಥೆಂಟಿಕ್" ಅಂತಿದ್ದಾರೆ.

ಇದೇ ನಗರದಲ್ಲಿ ಮನೆ ಬಾಡಿಗೆಗೆ ಕೇಳೋಕೆ ಹೋದ್ರೆ ಮೊದಲನೇ ಪ್ರಶ್ನೆ "ವೆಜ್ಜಾ, ನಾನ್‌ವೆಜ್ಜಾ?" ಅದು ಊಟದ ಪ್ರಶ್ನೆ ಅಲ್ಲ ಅಂತ ಕೇಳೋರಿಗೂ ಗೊತ್ತು. ಇದೇ ನಗರದ ಆಫೀಸಿನಲ್ಲಿ, ಮೇಲೆ ಹೇಳಿದ ಅದೇ ಸಹೋದ್ಯೋಗಿ, ನಾನು ತಂದ ಬೋಟಿ ಗೊಜ್ಜಿನ ಡಬ್ಬಿ ನೋಡಿ "ದಯವಿಟ್ಟು ಕಿಟಕಿ ತೆಗೀರಪ್ಪಾ" ಅಂದಿದ್ರು. ಹೋದ ತಿಂಗಳು ತಮ್ಮ ಮಗ ಕೊರಿಯನ್ ಗ್ರಿಲ್ ಮುಂದೆ ಕೂತ ಫೋಟೊ ಎಲ್ಲರಿಗೂ ತೋರಿಸಿದವರೂ ಅವರೇ. ಹಂದಿ ಅದೇ, ಕರುಳು ಅದೇ. ಕೈ ಮಾತ್ರ ಬೇರೆ.

ಇದು ನಮ್ಮೊಬ್ಬರ ಕಥೆಯೂ ಅಲ್ಲ. ಆ ಹೋಟೆಲಿನಲ್ಲಿ ನಮಗೆ ಬಡಿಸಿದ ಹುಡುಗ ಹುಡುಗಿಯರು ಈಶಾನ್ಯ ರಾಜ್ಯದವರು. ಮಣಿಪುರ, ನಾಗಾಲ್ಯಾಂಡ್ ಅಂದ್ರು. ಕೊರಿಯಾದವರು ತ್ವೆಂಜಾಂಗ್ ಅಂತ ಕರೆಯೋ ಹುಳಿ ಬಂದ ಸೋಯಾಕ್ಕೆ ನಾಗಾಲ್ಯಾಂಡಿನಲ್ಲಿ ಒಂದು ತಂಗಿ ಇದೆ, ಹೆಸರು ಅಖುನಿ. ಅದೂ ಸೋಯಾನೇ, ಅದನ್ನೂ ಹುಳಿ ಬರಿಸಿಯೇ ಮಾಡ್ತಾರೆ. 2007ರಲ್ಲಿ ದೆಹಲಿ ಪೊಲೀಸರು ಈಶಾನ್ಯದ ವಿದ್ಯಾರ್ಥಿಗಳಿಗೆ ಅಂತ ಒಂದು ಸಲಹಾ ಪುಸ್ತಿಕೆ ತಂದ್ರು. ಅಖುನಿ, ಕಳಲೆ ಥರದ ವಾಸನೆ ಬರೋ ಅಡುಗೆಯಿಂದ ಅಕ್ಕಪಕ್ಕದವರಿಗೆ ಗಲಾಟೆಯಾಗದ ಹಾಗೆ ನೋಡ್ಕೊಳ್ಳಿ ಅಂತ ಅದರಲ್ಲಿತ್ತು. ಪೊಲೀಸರು! ಅಡುಗೆ ವಾಸನೆಗೆ! ಈಗ ಅದೇ ಹುಡುಗರಿಗೆ ಯೂನಿಫಾರ್ಮ್ ಹಾಕಿಸಿ, ಅದೇ ವಾಸನೆಯ ಬಟ್ಟಲು ಕೈಗೆ ಕೊಟ್ಟು, ಕೊರಿಯಾ ಅಂತ ಹೆಸರಿಟ್ಟು ಬಡಿಸಿದ್ರೆ ಸಾಲು ನಿಂತು ತಿಂತಾರೆ. ಆ ಹುಡುಗ ತನ್ನ ರೂಮಿನಲ್ಲಿ ಅಖುನಿ ಬೇಯಿಸಿದ್ರೆ ಓನರ್ ಬಾಗಿಲು ತಟ್ಟುತ್ತಾನೆ.

ಹಾಗಾದ್ರೆ ಕೊರಿಯಾ ಸ್ವರ್ಗವಾ? ಅಲ್ಲ. ನಮ್ಮ ಚಳವಳಿಯ ಹುಡುಗರು ಇದನ್ನ ಓದ್ಲೇಬೇಕು.

ಕೊರಿಯಾದಲ್ಲಿ ಬೆಕ್‌ಜಾಂಗ್ ಅಂತ ಒಂದು ಸಮುದಾಯ ಇತ್ತು. ಪ್ರಾಣಿ ಕಡಿಯೋದು, ಚರ್ಮ ಹದ ಮಾಡೋದು, ಬುಟ್ಟಿ ಹೆಣೆಯೋದು ಅವರ ಕೆಲಸ. ಊರಾಚೆ ಕೇರಿ. ಬೇರೆಯವರ ಹಾಗೆ ಟೋಪಿ ಹಾಕೋ ಹಾಗಿಲ್ಲ, ರೇಷ್ಮೆ ಉಡೋ ಹಾಗಿಲ್ಲ, ಹೆಂಚಿನ ಮನೆ ಕಟ್ಟೋ ಹಾಗಿಲ್ಲ. ಮೇಲಿನವರ ಚಿಕ್ಕ ಮಗು ಎದುರಿಗೆ ಬಂದ್ರೂ ತಲೆ ಬಾಗಿ ಬಹುವಚನದಲ್ಲಿ ಮಾತಾಡಬೇಕು. ಎಲ್ಲೋ ಕೇಳಿದ ಹಾಗಿದೆ ಅಲ್ವಾ? ಅವರು ಕಡಿದ ದನದ ಬಾಡನ್ನು ಮಾತ್ರ ದೊಡ್ಡ ಮನೆಯವರು ಚಪ್ಪರಿಸ್ಕೊಂಡು ತಿಂತಿದ್ರು.

1894ರ ಸುಧಾರಣೆಯಲ್ಲಿ ಕಾನೂನಿನ ಮಟ್ಟಿಗೆ ಈ ಭೇದ ರದ್ದಾಯ್ತು. ಬದುಕಿನಲ್ಲಿ ಆಗಲಿಲ್ಲ. ಜಪಾನಿನ ಆಳ್ವಿಕೆಯ ಕಾಲದ ಮನೆ ದಾಖಲೆಗಳಲ್ಲೂ ಇವರ ಹೆಸರಿನ ಮುಂದೆ ಗುರುತು ಹಾಕಿ ಇಡ್ತಿದ್ರು. ಶಾಲೆಗಳು ಮಕ್ಕಳನ್ನ ಸೇರಿಸ್ಕೊಳ್ತಿರಲಿಲ್ಲ. ಕಡೆಗೆ 1923ರ ಏಪ್ರಿಲ್‌ನಲ್ಲಿ ಜಿಂಜು ಅನ್ನೋ ಊರಿನಲ್ಲಿ ಅವರು ಹ್ಯೊಂಗ್‌ಪ್ಯೊಂಗ್‌ಸಾ ಅಂತ ಸಂಘ ಕಟ್ಟಿದ್ರು. ಸಮತೂಕದ ಸಂಘ ಅಂತ ಅರ್ಥ. ಕಸಾಯಿಯವನ ಕೈಯ ತಕ್ಕಡಿಯನ್ನೇ ಸಮಾನತೆಯ ಗುರುತು ಮಾಡ್ಕೊಂಡ್ರು. ಅದರ ಹಿಂದಿನ ವರ್ಷ, 1922ರಲ್ಲಿ, ಜಪಾನಿನ ಅಸ್ಪೃಶ್ಯರು ಕ್ಯೋಟೊದಲ್ಲಿ ಸುಯ್‌ಹೈಶಾ ಕಟ್ಟಿದ್ರು. ಜಿಂಜುವಿನಲ್ಲಿ ಸಂಘ ಹುಟ್ಟಿದ ಅದೇ ಏಪ್ರಿಲ್‌ನಲ್ಲಿ ಬಾಬಾಸಾಹೇಬರು ಲಂಡನ್ನಿನಿಂದ ಮುಂಬೈಗೆ ವಾಪಸ್ ಬಂದ್ರು, ಮರುವರ್ಷ ಬಹಿಷ್ಕೃತ ಹಿತಕಾರಿಣಿ ಸಭಾ ಶುರು ಮಾಡಿದ್ರು. ಒಬ್ಬರಿಗೊಬ್ಬರು ಮುಖ ನೋಡದ ಜನ ಏಷ್ಯಾದ ಮೂರು ಕಡೆ ಎರಡೇ ವರ್ಷದಲ್ಲಿ ಎದ್ದು ನಿಂತ್ರು.

ಜಿಂಜುವಿನಲ್ಲಿ ಇದಕ್ಕೆ ಮೇಲಿನವರು ಕೊಟ್ಟ ಉತ್ತರ ಏನು ಗೊತ್ತಾ? ಗುಂಪು ಕಟ್ಟಿ ಗಲಾಟೆ ಮಾಡಿದ್ರು, ಇವರ ಹತ್ರ ದನದ ಬಾಡು ಕೊಳ್ಳಬೇಡಿ ಅಂತ ಬಹಿಷ್ಕಾರ ಹಾಕಿದ್ರು. ದಿನಾ ತಿಂತಿದ್ದ ಬಾಡು, ಮಾರೋನು ಸಮಾನತೆ ಕೇಳಿದ ದಿನ ಬೇಡವಾಯ್ತು. ಆ ಬಾಡಿಗೆ ಯಾವ ಮೈಲಿಗೆಯೂ ಇರಲಿಲ್ಲ ಅನ್ನೋದಕ್ಕೆ ಬೇರೆ ಸಾಕ್ಷಿ ಬೇಕಾ?

ಈಗ ಕೊರಿಯಾದಲ್ಲಿ ಯಾರು ಬೆಕ್‌ಜಾಂಗ್ ಮೊಮ್ಮಕ್ಕಳು ಅಂತ ಗುರುತು ಹಿಡಿಯೋದೇ ಕಷ್ಟ. ಸಂಘದ ಹೋರಾಟ, ಆಮೇಲೆ 1950ರ ಯುದ್ಧ, ಊರು ಬಿಟ್ಟು ನಗರ ಸೇರಿದ ಲಕ್ಷಾಂತರ ಜನ, ಎಲ್ಲ ಸೇರಿ ಕೇರಿಯ ಗೆರೆ ಅಳಿಸಿಹೋಯ್ತು. ಆದ್ರೆ ಆ ಹೆಸರು ಬೈಗುಳವಾಗಿ ಉಳೀತು. ಇನ್ನೊಂದು ಕಡೆ ಅಮೆರಿಕಾದ ಲಾಸ್ ಏಂಜಲೀಸ್, ನ್ಯೂಯಾರ್ಕಿನಲ್ಲಿ ಹೆಸರುವಾಸಿ ಕೊರಿಯನ್ ಗ್ರಿಲ್ ಹೋಟೆಲುಗಳ ಬೋರ್ಡಿನ ಮೇಲೆ ಅದೇ ಬೆಕ್‌ಜಾಂಗ್ ಅನ್ನೋ ಪದ ಇದೆ. ಅಲ್ಲಿ ತಿನ್ನೋರಲ್ಲಿ ಎಷ್ಟು ಜನಕ್ಕೆ ಆ ಪದದ ಹಿಂದಿನ ಅವಮಾನ ಗೊತ್ತಿರುತ್ತೆ?

ನಮಗೂ ಇದೇ ಆಗೋ ದಿನ ದೂರ ಇಲ್ಲ. ನಾಳೆ ಯಾರೋ ಒಬ್ಬ ಷೆಫ್ಫು ನಮ್ಮ ಬೋಟಿ, ನಮ್ಮ ನೆತ್ತರು ಹುರುಕಲು, ನಮ್ಮ ಒಣ ಬಾಡಿನ ಸಾರನ್ನು ಕಪ್ಪು ಕಲ್ಲಿನ ತಟ್ಟೆಯಲ್ಲಿಟ್ಟು 900 ರೂಪಾಯಿಗೆ ಮಾರ್ತಾನೆ. "ಮರೆತ ರುಚಿ" ಅಂತ ಪತ್ರಿಕೆಯಲ್ಲಿ ಬರುತ್ತೆ. ಮರೆತಿದ್ದು ಯಾರು? ನಾವಂತೂ ಮರೆತಿಲ್ಲ. ಬಾಡು ಮೇಲ್ಜಾತಿ ಮೇಜಿಗೆ ಹೋಗುತ್ತೆ, ಬಾಡು ಬೇಯಿಸಿದವಳು ಕೇರಿಯಲ್ಲೇ ಉಳೀತಾಳೆ. ಅದನ್ನ ಸಮಾನತೆ ಅಂತ ಒಪ್ಪೋಕೆ ನಾನು ತಯಾರಿಲ್ಲ.

ಯಾಕಂದ್ರೆ ನಮ್ಮಲ್ಲಿ ಕೊರಿಯಾಗಿಂತ ಒಂದು ಕೈ ಹೆಚ್ಚಿದೆ. ಅಲ್ಲಿ ಕಡಿಯೋನು ಅಸ್ಪೃಶ್ಯ, ತಿನ್ನೋನು ದೊಡ್ಡವನು. ಇಲ್ಲಿ ಕಡಿದವನೂ ಮೈಲಿಗೆ, ತಿಂದವನೂ ಮೈಲಿಗೆ. 1948ರ 'ದಿ ಅನ್‌ಟಚಬಲ್ಸ್' ಪುಸ್ತಕದಲ್ಲಿ ಬಾಬಾಸಾಹೇಬರು ಅಸ್ಪೃಶ್ಯತೆಯ ಬೇರನ್ನು ಗೋಮಾಂಸ ತಿನ್ನೋದರ ಹತ್ರವೇ ಹುಡುಕಿದ್ರು. ತಟ್ಟೆ ನೋಡಿ ಮನುಷ್ಯರನ್ನ ಊರಾಚೆ ಇಟ್ಟ ದೇಶ ಇದು.

ಈಗ ಆ ತಟ್ಟೆಗೆ ಪೊಲೀಸರೂ ಬಂದಿದ್ದಾರೆ. 1964ರ ನಮ್ಮ ರಾಜ್ಯದ ಕಾಯ್ದೆಯಲ್ಲಿ ವಯಸ್ಸಾದ ಎತ್ತು, ಹೋರಿ, ಎಮ್ಮೆ, ಕೋಣಕ್ಕೆ ಅವಕಾಶ ಇತ್ತು. 2020ರ ಜಾನುವಾರು ಹತ್ಯೆ ನಿಷೇಧ ಕಾಯ್ದೆ ಎತ್ತು, ಹೋರಿಯನ್ನೂ ಪೂರ್ತಿ ನಿಲ್ಲಿಸಿ 13 ವರ್ಷ ದಾಟಿದ ಎಮ್ಮೆ, ಕೋಣಕ್ಕೆ ಮಾತ್ರ ಬಾಗಿಲು ಬಿಟ್ಟಿತು. ಶಿಕ್ಷೆ 3ರಿಂದ 7 ವರ್ಷ ಜೈಲು, ದಂಡ 50 ಸಾವಿರದಿಂದ 5 ಲಕ್ಷ. ಕೂಲಿ ಮಾಡೋನು ಅಗ್ಗಕ್ಕೆ ಸಿಗೋ ಪೌಷ್ಟಿಕ ಆಹಾರ ತಂದು ಬೇಯಿಸೋಕೆ ಹಿಂದೆ ಮುಂದೆ ನೋಡಬೇಕು. ಮುದಿ ಎತ್ತು ಸಾಕೋಕಾಗದ ಸಣ್ಣ ರೈತನೂ ಅದರಲ್ಲೇ ಸಿಕ್ಕಿಬಿದ್ದ.

2021ರ ಡಿಸೆಂಬರಿನಲ್ಲಿ ಕಲ್ಯಾಣ ಕರ್ನಾಟಕದ ಶಾಲೆಗಳಲ್ಲಿ ಮಕ್ಕಳಿಗೆ ಮೊಟ್ಟೆ ಕೊಡೋಕೆ ಶುರು ಮಾಡಿದಾಗ ಯಾರು ಬೀದಿಗೆ ಬಂದ್ರು ನೆನಪಿದೆಯಾ? ಮಠಾಧೀಶರು. 2024ರ ಡಿಸೆಂಬರಿನಲ್ಲಿ ಮಂಡ್ಯದಲ್ಲಿ 87ನೇ ಸಾಹಿತ್ಯ ಸಮ್ಮೇಳನ ನಡೆದಾಗ ಮಳಿಗೆಗಳ ಸೂಚನೆಯಲ್ಲಿ ಮದ್ಯ, ತಂಬಾಕಿನ ಸಾಲಿಗೇ ಮಾಂಸಾಹಾರವನ್ನೂ ಸೇರಿಸಿ ನಿಷೇಧ ಅಂದ್ರು. ಬಾಡೂಟಕ್ಕೆ ಹೆಸರಾದ ಮಂಡ್ಯದಲ್ಲಿ! ನಮ್ಮ ಗೆಳೆಯರು ಜಗಳಕ್ಕೆ ನಿಂತ್ರು. ಕನ್ನಡದ ಹಬ್ಬದಲ್ಲಿ ಕನ್ನಡಿಗರ ಊಟ ಸಿಗರೇಟಿನ ಸಾಲಿಗೆ ಸೇರುತ್ತೆ, ಕೊರಿಯಾದ ಊಟಕ್ಕೆ 40 ನಿಮಿಷ ಕಾಯ್ತಾರೆ. ಇದು ರುಚಿಯ ವಿಷಯವಾ, ಜಾತಿಯ ವಿಷಯವಾ, ನೀವೇ ಹೇಳಿ.

ಈಗ ಫೋನ್ ಮಾಡಿದ ಗೆಳೆಯನಿಗೆ.

ತಮ್ಮಾ, ನಿನ್ನ ಆತಂಕ ಅರ್ಥ ಆಗುತ್ತೆ. ಸಂಬಳ ಬಂದ ಮೇಲೆ ಕೇರಿ ಮರೆತವರನ್ನ ನಾನೂ ನೋಡಿದ್ದೀನಿ. ಆದ್ರೆ ಬಡತನವನ್ನ ಹೋರಾಟದ ಗುರುತಿನ ಚೀಟಿ ಮಾಡಬೇಡ. ಬಾಬಾಸಾಹೇಬರು ಕೋಟು ಬೂಟು ಹಾಕಿದ್ದು ಸುಮ್ಮನೆ ಅಲ್ಲ. ನಮ್ಮ ತಾಯಂದಿರು ಇನ್ನೊಬ್ಬರ ಮನೆಯ ಹಿತ್ತಲಲ್ಲಿ ಕೈಯೊಡ್ಡಿ ಇಸ್ಕೊಂಡು ತಿಂದವರು. ಅಂಥ ತಾಯಿ ಎಪ್ಪತ್ತರ ವಯಸ್ಸಲ್ಲಿ ಕುರ್ಚಿ ಮೇಲೆ ಕೂತು, ಮೊದಲ ತುತ್ತು ತಾನೇ ತಿಂದು, "ಖಾರ ಸಾಲ್ದು" ಅಂತ ಹೋಟೆಲಿನವರ ಅಡುಗೆಗೆ ಮಾರ್ಕ್ಸ್ ಕೊಡೋದಿದೆಯಲ್ಲ, ಅದಕ್ಕೆ ನಾನು ಯಾರ ಹತ್ರವೂ ಸಮಜಾಯಿಷಿ ಕೊಡಲ್ಲ.

ಹಾಗಂತ ನಾನು ಕಾಸು ಕೊಟ್ಟು ಎಸಿ ಹೋಟೆಲಿನಲ್ಲಿ ಕೂತ ಮಾತ್ರಕ್ಕೆ ಹೋಟೆಲ್ ಪ್ರವೇಶ ಚಳವಳಿ ಮುಗೀತು ಅಂತಲೂ ಅಲ್ಲ. ನಗರದ ಹೋಟೆಲಿನಲ್ಲಿ ನನ್ನ ಜಾತಿ ಯಾರೂ ಕೇಳಲಿಲ್ಲ, ಯಾಕಂದ್ರೆ ಯಾರಿಗೂ ಗೊತ್ತಿರಲಿಲ್ಲ. ಗೊತ್ತಿದ್ದೂ ಕೇಳದೆ ಕೂರಿಸೋ ಊರು ಬೇಕು. 15ನೇ ವಿಧಿ 4,300 ರೂಪಾಯಿ ಇದ್ದವನಿಗೆ ಮಾತ್ರ ಅಂತ ಬರೆದಿಲ್ಲ. ಹತ್ತು ರೂಪಾಯಿಯ ಟೀ ಅಂಗಡಿಗೂ ಅದೇ ವಿಧಿ.

ಕಡೆಯದಾಗಿ, ನಮ್ಮವರಿಗೆ ಮೂರು ಮಾತು.

ಒಂದು. ನಿಮ್ಮೂರಿಗೆ ಹೋದಾಗ ಟೀ ಅಂಗಡಿ, ಹೋಟೆಲು, ಕ್ಷೌರದ ಅಂಗಡಿಗೆ ಕೇರಿಯ ಹುಡುಗರ ಜೊತೆ ಹೋಗಿ. ಒಳಗೆ ಕೂರಿ. ಬೇರೆ ಲೋಟ, ಬೇರೆ ಬೆಂಚು ಕಂಡ್ರೆ ಫೋಟೊ ತೆಗೆದು, ದಿನಾಂಕ ಸಮೇತ ಬರೆದು ತಹಶೀಲ್ದಾರ್, ಸಮಾಜ ಕಲ್ಯಾಣ ಇಲಾಖೆ, ಪೊಲೀಸ್ ಮೂವರಿಗೂ ಕೊಡಿ. ಸ್ವೀಕೃತಿ ತಗೊಳ್ಳದೆ ಬರಬೇಡಿ. ಗುಮಾಸ್ತ ಹೇಳ್ತಿದ್ದೀನಿ, ಕಾಗದಕ್ಕೆ ಸೀಲು ಬಿದ್ದ ಮೇಲೆ ಅದನ್ನ ಸುಲಭಕ್ಕೆ ಮುಚ್ಚೋಕಾಗಲ್ಲ.

ಎರಡು. ಏಪ್ರಿಲ್ 14ಕ್ಕೆ ನಮ್ಮ ಸಂಘಗಳೇ ಯಾಕೆ ಪುಳಿಯೋಗರೆ, ಕೇಸರಿಬಾತ್ ಮಾಡಿಸೋದು? ಮುಖ್ಯ ಅತಿಥಿಗೆ ಬೇಜಾರಾಗುತ್ತೆ ಅಂತಾನಾ? ಸೊಪ್ಪು ಸಾರು ತಿನ್ನೋರಿಗೆ ಸೊಪ್ಪು ಸಾರು ಮಾಡಿ, ಜೊತೆಗೆ ಬಾಡು ಮುದ್ದೆಯನ್ನೂ ಎಲ್ಲರೆದುರು ಬಡಿಸಿ. ನಮ್ಮ ಊಟವನ್ನ ನಾವೇ ಪರದೆ ಹಿಂದೆ ಇಟ್ಟು, ಊರಿನವರು ಮರ್ಯಾದೆ ಕೊಡಲಿ ಅಂದ್ರೆ ಹೇಗೆ?

ಮೂರು. ನಿಮ್ಮ ಮನೆಯ ಅವ್ವಂದಿರು, ಅಜ್ಜಿಯರು ಮಾಡೋ ಅಡುಗೆಯನ್ನ ಬರೆದಿಡಿ. ಯಾವ ಭಾಗ ಹೇಗೆ ತೊಳೀತಾರೆ, ಬಾಡು ಹೇಗೆ ಒಣಗಿಸ್ತಾರೆ, ಬರಗಾಲದಲ್ಲಿ ಏನು ತಿಂದ್ರು, ಯಾರ ಮನೆಯಿಂದ ಏನು ಸಿಗ್ತಿತ್ತು, ಏನು ಮಾತು ಕೇಳಿಸ್ಕೊಂಡು ತಂದ್ರು. ಅವರ ಹೆಸರು ಸಮೇತ ಬರೀರಿ. ನಾಳೆ ಯಾರೋ ಅದನ್ನ ಮೆನುವಿನಲ್ಲಿ ಹಾಕಿದಾಗ, ಈ ರುಚಿ ಯಾರ ಕೇರಿಯದ್ದು, ಆ ಕೇರಿಯನ್ನ ಊರಾಚೆ ಇಟ್ಟವರು ಯಾರು ಅಂತ ಕೇಳೋಕೆ ನಮ್ಮ ಕೈಯಲ್ಲಿ ದಾಖಲೆ ಇರಬೇಕು.

ಜಿಂಜುವಿನ ಕಸಾಯಿಗಳು ನಮ್ಮ ಬಾಡು ಚೆನ್ನಾಗಿದೆ, ಬಂದು ತಿನ್ನಿ ಅಂತ ಯಾರನ್ನೂ ಕರೀಲಿಲ್ಲ. ನಮ್ಮನ್ನ ನಿಮ್ಮ ಸಮ ತೂಗಿ ಅಂತ ಕೇಳಿದ್ರು. ನಾವು ಕೇಳ್ತಿರೋದೂ ಅಷ್ಟೇ.

ಜೈ ಭೀಮ್.